ಸಭಾಪಾಲಕರ ವಾರದ ಚಿಂತನೆಗಳನ್ನು ಪುಸ್ತಕಕ್ಕೆ ಯಾವ ಕ್ರಮದಲ್ಲಿ ಜೋಡಿಸಬೇಕು?

ಪ್ರಶ್ನೆ: ಸಭಾ ಕಾರ್ಯದರ್ಶಿ, ಧಾರವಾಡ

ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಸಂಸ್ಥೆ) ಸಭೆಯ ಸಭಾಪಾಲಕರು, ಅಂದರೆ ಪಾಸ್ಟರ್, ಹಲವು ವರ್ಷಗಳಿಂದ ಭಾನುವಾರದ ಆರಾಧನಾ ಪತ್ರಿಕೆಯ ಹಿಂಬದಿಯಲ್ಲಿ ಅರ್ಧ ಪುಟದ ಚಿಂತನೆಯೊಂದನ್ನು ಬರೆಯುತ್ತ ಬಂದಿದ್ದಾರೆ. ಅದು ಆರಾಧನೆಯಲ್ಲಿ ಮಾಡುವ ಪ್ರಸಂಗದ (ಉಪದೇಶದ) ಸಂಗ್ರಹವಲ್ಲ. ಆ ವಾರದ ಸತ್ಯವೇದ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡು, ಮಳೆ ತಡವಾದದ್ದನ್ನೋ, ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂತ ಮಕ್ಕಳ ಮನೆಯ ಆತಂಕವನ್ನೋ, ಸಂತೆಯಲ್ಲಿ ಈರುಳ್ಳಿಯ ದರ ಬಿದ್ದದ್ದನ್ನೋ ಹಿಡಿದು ಬರೆದದ್ದು. ಅವರು ಮುಂದಿನ ವರ್ಷ ನಿವೃತ್ತರಾಗುವುದರಿಂದ ಇವುಗಳನ್ನು ಪುಸ್ತಕವಾಗಿ ತರಬೇಕೆಂದು ಸಭಾ ಕಮಿಟಿ ತೀರ್ಮಾನಿಸಿದೆ.

ತೊಡಕಿರುವುದು ಜೋಡಣೆಯಲ್ಲಿ. ಕೆಲವರು ಕ್ರೈಸ್ತ ಪಂಚಾಂಗದಂತೆ ಆಗಮನ ಕಾಲದಿಂದ (ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ) ಆರಂಭಿಸಿ ಕ್ರಿಸ್ಮಸ್, ಲೆಂತು (ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಉಪವಾಸ ಕಾಲ), ಈಸ್ಟರ್, ಪಂಚಾಶತ್ತಮ (ಈಸ್ಟರ್ ನಂತರದ ಏಳನೆಯ ಭಾನುವಾರ, ಪವಿತ್ರಾತ್ಮನು ಇಳಿದುಬಂದ ದಿನ) ಎಂದು ಸಾಗಬೇಕು ಎನ್ನುತ್ತಾರೆ. ಉಳಿದವರು ಮುಂಗಾರು, ಹಿಂಗಾರು, ಬೇಸಿಗೆ ಎಂದು ವಿಂಗಡಿಸಿದರೆ ಸಭೆಯ ಹೊರಗಿನವರೂ ಓದಿಯಾರು ಎನ್ನುತ್ತಾರೆ. ಮೊದಲ ಕ್ರಮದಲ್ಲಿ ಜೋಡಿಸಿ ನೋಡಿದಾಗ, ಲೆಂತಿನ ಒಂದೇ ಭಾನುವಾರಕ್ಕೆ ಬೇರೆ ಬೇರೆ ವರ್ಷ ಬರೆದ ಎರಡು ಚಿಂತನೆಗಳಲ್ಲಿ ಒಂದರಲ್ಲಿ ಜೋಳ ಇನ್ನೂ ಹೊಲದಲ್ಲಿದೆ, ಇನ್ನೊಂದರಲ್ಲಿ ರಾಶಿ ಮುಗಿದು ಹೊಲ ಬರಿದಾಗಿದೆ. ಓದುಗರಿಗೆ ಇದು ಗೊಂದಲವಾಗದೇ? ಇಂಥ ಕೆಲಸ ಮಾಡಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ: ನಿವೃತ್ತ ಸಭಾಪಾಲಕ, ಮಂಗಳೂರು

ಗೊಂದಲದ ಕಾರಣ ಬರಹದಲ್ಲಿಲ್ಲ, ಪಂಚಾಂಗದಲ್ಲಿದೆ. ಈಸ್ಟರ್ ಹಬ್ಬವನ್ನು ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯಾದ ಮೇಲಿನ ಭಾನುವಾರಕ್ಕೆ ಗೊತ್ತುಮಾಡುವುದರಿಂದ ಅದು ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿಯಾದರೂ ಬರಬಹುದು. ಲೆಂತು, ಪಂಚಾಶತ್ತಮ ಎಲ್ಲವೂ ಅದರ ಬೆನ್ನಿಗೇ ಸರಿಯುತ್ತವೆ. ಮಳೆ ನಕ್ಷತ್ರಗಳಾದರೋ ಸೂರ್ಯನನ್ನು ಅನುಸರಿಸುವುದರಿಂದ ವರ್ಷವರ್ಷವೂ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಲೆಂತು ಆರಂಭವಾಗುವ ಬೂದಿ ಬುಧವಾರ 2024ರಲ್ಲಿ ಫೆಬ್ರವರಿ 14ಕ್ಕೆ ಬಂದರೆ 2025ರಲ್ಲಿ ಮಾರ್ಚ್ 5ಕ್ಕೆ ಬಂತು. ಪಂಚಾಶತ್ತಮ ದಿನ ಮೊದಲನೆಯ ವರ್ಷ ಮೇ 19ರ ಸೆಕೆಯಲ್ಲಿ ಬಂದಿತು, ಮರುವರ್ಷ ಜೂನ್ 8ಕ್ಕೆ, ಮೃಗಶಿರಾ ಮಳೆ ಕೂಡುವ ಹೊತ್ತಿಗೆ ಬಂದಿತು. ಪವಿತ್ರಾತ್ಮನ ಕುರಿತು ಈ ಎರಡು ಭಾನುವಾರಗಳಲ್ಲಿ ಒಬ್ಬನೇ ಸಭಾಪಾಲಕನು ಬರೆದರೂ ಬರಹ ಒಂದೇ ಆಗಿರಲಾರದು.

ಆದರೂ ನಾನು ಕ್ರೈಸ್ತ ಪಂಚಾಂಗದ ಪರವಾಗಿಯೇ ಹೇಳುತ್ತೇನೆ. ಸಿ.ಎಸ್.ಐ. ಪಂಚಾಂಗದಲ್ಲಿ ಪ್ರತಿ ಭಾನುವಾರಕ್ಕೂ ಒಂದು ವಿಷಯ ಮತ್ತು ಓದಬೇಕಾದ ಪಾಠಗಳು ನಿಗದಿಯಾಗಿರುತ್ತವೆ; ಬರೆಯುವವನು ಆ ಪಾಠದಿಂದ ಹೊರಟು ಹೊಲಕ್ಕೆ ಹೋಗಿರುತ್ತಾನೆಯೇ ಹೊರತು ಹೊಲದಿಂದ ಪಾಠಕ್ಕೆ ಬಂದಿರುವುದಿಲ್ಲ. ಋತುಗಳಂತೆ ವಿಂಗಡಿಸಿದರೆ ಪಾಠದ ಎಳೆ ತುಂಡಾಗಿ, ಹವಾಮಾನದ ಬಗೆಗಿನ ಲಘು ಬರಹಗಳಂತೆ ಕಾಣುವ ಅಪಾಯವಿದೆ. ಪ್ರತಿ ಬರಹದ ಕೆಳಗೆ ತಾರೀಖು ಹಾಕಿ. ಜೋಳದ ಸಮಸ್ಯೆ ತಾನಾಗಿಯೇ ಬಗೆಹರಿಯುತ್ತದೆ.

ಉತ್ತರ: ಎರೆಹೊಲದವ, ಗದಗ ಜಿಲ್ಲೆ

ಮೇಲಿನ ಹಿರಿಯರ ಮಾತಿಗೆ ಗೌರವವಿದೆ, ಆದರೆ ಪಾಠದಿಂದಲೇ ಹೊಲಕ್ಕೆ ಹೋಗಬೇಕೆಂಬ ಮಾತನ್ನು ನಾನು ಒಪ್ಪಲಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೂ 1841ರಲ್ಲಿ ಬೆಟಗೇರಿಗೂ ಬಂದು ನೆಲೆನಿಂತ ಸೀಮೆ ಇದು. ಇಲ್ಲಿನ ಸಭೆಗಳಲ್ಲಿ ಒಕ್ಕಲುತನದವರು ಮೊದಲಿನಿಂದಲೂ ಇದ್ದಾರೆ, ಹೊಲವನ್ನು ನೋಡಿ ಪಾಠವನ್ನು ತಿಳಿದುಕೊಂಡವರೂ ಅವರೇ.

ಒಂದು ಸಂಗತಿಯನ್ನು ಗಮನಿಸಿರಿ. ಯೇಸುವಿನ ನಾಡಿನಲ್ಲಿ ಮೊದಲ ಮಳೆ ಬೀಳುವುದು ಅಕ್ಟೋಬರ್–ನವೆಂಬರ್ ಸುಮಾರಿಗೆ, ಆಗ ಬಿತ್ತನೆ. ಕೊನೆಯ ಮಳೆ ಮಾರ್ಚ್–ಏಪ್ರಿಲಿನಲ್ಲಿ. ಅದರಿಂದ ಕಾಳು ಬಲಿತು, ಯೆಹೂದ್ಯರ ಪಸ್ಕ ಹಬ್ಬದ (ಈಸ್ಟರ್ ಸುಮಾರಿನ) ಹೊತ್ತಿಗೆ ಜವೆಗೋಧಿ, ಪಂಚಾಶತ್ತಮದ ಹೊತ್ತಿಗೆ ಗೋಧಿ ಕೊಯ್ಲಿಗೆ ಬರುತ್ತದೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣ ಬೇಸಿಗೆ. ಕರಾವಳಿಯ ಭತ್ತದ ಗದ್ದೆಯಲ್ಲಿ ನಿಂತು ಈ ಲೆಕ್ಕವನ್ನು ಹೇಳಿದರೆ ಎಲ್ಲವೂ ತಲೆಕೆಳಗು. ನಮ್ಮ ಎರೆಭೂಮಿಯಲ್ಲಿ ಹಾಗಲ್ಲ: ಹಿಂಗಾರಿ ಬಿಳಿಜೋಳ, ಕಡಲೆ, ಗೋಧಿಗಳನ್ನು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿ, ನೆಲದ ಹಸಿಯ ಮೇಲೆ ಬೆಳೆಸಿ, ಫೆಬ್ರವರಿ–ಮಾರ್ಚಿನಲ್ಲಿ ರಾಶಿ ಮಾಡುತ್ತೇವೆ. ಸುವಾರ್ತೆಯ ಬೇಸಾಯಕ್ಕೆ ನಮ್ಮ ಹಿಂಗಾರು ಎಷ್ಟೋ ಹತ್ತಿರ. ಶಿಷ್ಯರು ಪೈರಿನ ಹೊಲದಲ್ಲಿ ಹೋಗುತ್ತ ತೆನೆ ಮುರಿದು ತಿಂದರೆಂದು ಓದುವಾಗ, ಹಸಿ ತೆನೆ ಸುಟ್ಟು ಸೀತನಿ ತಿಂದು ಬೆಳೆದ ನಮ್ಮ ಹುಡುಗರಿಗೆ ವಿವರಣೆ ಬೇಕಾಗಿಲ್ಲ. (ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್ ದಿನ ಅದು ಯಾಕೆ ತಪ್ಪಾಯಿತು ಎಂಬುದಕ್ಕೆ ಬೇಕು.)

ಹೊಂದದ ಕಡೆಯೂ ಇದೆ. ಯೇಸು ಹೇಳಿದ ಬಿತ್ತುವವನ ಸಾಮ್ಯದಲ್ಲಿ (ದೃಷ್ಟಾಂತ ಕಥೆಯಲ್ಲಿ) ಬೀಜ ದಾರಿಯ ಮಗ್ಗುಲಲ್ಲೂ ಬಂಡೆಯ ಮೇಲೂ ಬೀಳುತ್ತದೆ, ಏಕೆಂದರೆ ಅವನು ಕೈಯಿಂದ ಚೆಲ್ಲುತ್ತಾನೆ. ಕೂರಿಗೆಯಿಂದ ಸಾಲು ಹಿಡಿದು ಬಿತ್ತುವ ನಮ್ಮವರಿಗೆ ಆತ ಅಜಾಗರೂಕನಾಗಿ ಕಾಣುತ್ತಾನೆ. ಇದನ್ನು ಬಲ್ಲ ಸಭಾಪಾಲಕರು, ದೇವರು ತನ್ನ ಕೃಪೆಯನ್ನು ಸಾಲು ನೋಡಿ ಕೊಡುವುದಿಲ್ಲವೆಂದು ಬರೆಯಬಲ್ಲರು; ಅರಿಯದವರು ಎಲ್ಲ ಊರುಗಳಿಗೂ ಒಪ್ಪುವ ಪ್ರಸಂಗವನ್ನೇ ಮತ್ತೆ ಬರೆಯುತ್ತಾರೆ.

ಆದ್ದರಿಂದ ಪಂಚಾಂಗವೂ ಬೇಡ, ಋತುವಿನ ಭಾಗಗಳೂ ಬೇಡ. ಬರೆದ ತಾರೀಖಿನಂತೆ, ವರ್ಷದ ನಂತರ ವರ್ಷವಾಗಿ ಇಡಿ. ಮಳೆ ಕೈಕೊಟ್ಟ ವರ್ಷದ ಕ್ರಿಸ್ಮಸ್ ಚಿಂತನೆ ಆ ವರ್ಷದ ಬಿತ್ತನೆಯ ಚಿಂತನೆಯ ನಂತರವೇ ಬರಬೇಕು. ಎಳ್ಳ ಅಮಾವಾಸ್ಯೆಗೆ ನೆರೆಯವರು ಚರಗ (ಭೂತಾಯಿಗೆ ಅರ್ಪಿಸುವ ಅಡುಗೆ) ಚೆಲ್ಲಲು ಹೊಲಕ್ಕೆ ಹೋದದ್ದು ಆ ವರ್ಷ ಯಾವ ಭಾವದಲ್ಲಿ ಎಂಬುದು ಆಗಷ್ಟೇ ತಿಳಿಯುತ್ತದೆ.

ಉತ್ತರ: ಓದುಗಿ, ದಕ್ಷಿಣ ಕನ್ನಡ

ನಾನು ಕಥೋಲಿಕಳು, ನಮ್ಮಲ್ಲಿ ತಾರೀಖು ಸರಿಯದ ಹಬ್ಬವೊಂದಿದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಳ ಜನ್ಮದಿನ) ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ, ಅದರ ಕಾಳನ್ನು ಪಾಯಸಕ್ಕೋ ತೆಂಗಿನ ಹಾಲಿಗೋ ಬೆರೆಸಿ ಮನೆಯವರೆಲ್ಲ ಸೇವಿಸಿ ಸಸ್ಯಾಹಾರದ ಊಟ ಮಾಡುತ್ತಾರೆ. ಹಬ್ಬ ಅಲುಗಲಿಲ್ಲ, ಆದರೆ ಗದ್ದೆಗಳು ಹೋದವು. ಈಗ ಅನೇಕರ ಮನೆಗೆ ಬರುವ ತೆನೆ ಅವರ ನೆಲದ್ದಲ್ಲ. ಈ ಬದಲಾವಣೆಯನ್ನು ದಾಖಲಿಸುವುದು ದೊಡ್ಡ ಗ್ರಂಥಗಳಿಗಿಂತ ಇಂಥ ವಾರದ ಬರಹಗಳೇ. ಹಾಗಾಗಿ ಹಳೆಯದಾಯಿತೆಂದು ಈರುಳ್ಳಿಯ ದರವನ್ನು ತೆಗೆದುಹಾಕಬೇಡಿ.

ಇನ್ನೊಂದು ವಿಷಯವನ್ನು ಯಾರೂ ಎತ್ತಲಿಲ್ಲ. ಯಾರದೋ ಕಾಯಿಲೆ, ಸಾಲ, ಮುರಿದ ಮದುವೆ ಇಂಥ ಚಿಂತನೆಗಳಲ್ಲಿ ಹೆಸರಿಲ್ಲದೆ ಬಂದರೂ ಊರಿನವರಿಗೆ ಗುರುತು ಸಿಗುತ್ತದೆ. ಆ ವಾರ ಸಭೆಯೊಳಗೆ ಓದಿ ಮರೆತದ್ದು ಬೇರೆ, ಅಚ್ಚಾಗಿ ಅಂಗಡಿಯಲ್ಲಿ ಸಿಗುವುದು ಬೇರೆ. ಆಯಾ ಕುಟುಂಬಗಳ ಒಪ್ಪಿಗೆ ಪಡೆಯಿರಿ, ಸಿಗದಿದ್ದರೆ ಆ ಬರಹವನ್ನು ಬಿಡಿ.

ಪ್ರಶ್ನಿಸಿದವರು: ಸಭಾ ಕಾರ್ಯದರ್ಶಿ, ಧಾರವಾಡ

ಎಲ್ಲರಿಗೂ ವಂದನೆಗಳು. ತಾರೀಖಿನ ಕ್ರಮದಲ್ಲಿಯೇ ಇಟ್ಟು, ಕೊನೆಯಲ್ಲಿ ಯಾವ ಭಾನುವಾರಕ್ಕೆ ಯಾವ ಬರಹವೆಂಬ ಸೂಚಿಯನ್ನು ಕೊಡುವಂತೆ ಕಮಿಟಿಗೆ ಹೇಳುತ್ತೇನೆ. ಒಪ್ಪಿಗೆಯ ಮಾತು ನಮಗೆ ಹೊಳೆದಿರಲಿಲ್ಲ. ಸಭಾಪಾಲಕರೊಂದಿಗೇ ಕೂತು ಅಂಥ ಬರಹಗಳನ್ನು ಗುರುತಿಸುತ್ತೇವೆ.

ಉತ್ತರ: ನಿವೃತ್ತ ಸಭಾಪಾಲಕ, ಮಂಗಳೂರು

ಸೂಚಿಯಿದ್ದರೆ ನನ್ನ ಆಕ್ಷೇಪವಿಲ್ಲ. ಆದರೆ ಪ್ರತಿ ವರ್ಷದ ಭಾಗವನ್ನು ಜನವರಿಯಿಂದಲ್ಲ, ಆಗಮನ ಕಾಲದ ಮೊದಲ ಭಾನುವಾರದಿಂದ ಆರಂಭಿಸಿ. ಅದು ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ. ಗದಗದ ಸಹೋದರರ ಹಿಂಗಾರಿ ಜೋಳ ಆಗಲೇ ಮೊಳಕಾಲೆತ್ತರ ಬೆಳೆದು ನಿಂತಿರುತ್ತದೆಯಾದ್ದರಿಂದ ಅವರಿಗೂ ಒಪ್ಪಿಗೆಯಾದೀತು.