ರಾಶಿ ಲೀಗ್ ಶೀಟ್‌ನಲ್ಲಿ ಸ್ಟಾರ್‌ಗಳೆಲ್ಲಾ ಮಕರಕ್ಕೇ ಬಂದು ಬೀಳ್ತಿದಾರೆ, ಹೆಲ್ಪ್ ಮಾಡಿ

ಎಡಿಸನ್_ಗುಂಡ
ನಮಸ್ಕಾರ, ನ್ಯೂಜೆರ್ಸಿಯಲ್ಲಿ ನಾವು ಹನ್ನೆರಡು ಜನ ಸೇರಿ ಪ್ರತಿ ವರ್ಷ ಫ್ಯಾಂಟಸಿ ಬೇಸ್‌ಬಾಲ್ ಆಡ್ತೀವಿ (ನಿಜವಾದ ಪ್ಲೇಯರ್‌ಗಳನ್ನ ಆರಿಸಿ ಟೀಮ್ ಕಟ್ಟೋದು, ಅವರ ಆಟದ ಅಂಕಿಗಳಿಂದಲೇ ನಮಗೆ ಪಾಯಿಂಟು), ಮಾಮೂಲಿ 5x5 ರೋಟಿಸರಿ, ಅಂದ್ರೆ ಬ್ಯಾಟಿಂಗ್‌ದು ಐದು, ಪಿಚಿಂಗ್‌ದು ಐದು ಲೆಕ್ಕ. ಈ ಸಲ ಬೋರ್ ಆಯ್ತು ಅಂತ ಒಬ್ಬ ಐಡಿಯಾ ಕೊಟ್ಟ, 12 ಟೀಮ್ 12 ರಾಶಿ, ಚೀಟಿ ಎತ್ತಿ ಯಾರಿಗೆ ಯಾವ ರಾಶಿ ಬರುತ್ತೋ ಅವರು ಆ ರಾಶಿಲಿ ಹುಟ್ಟಿದ ಪ್ಲೇಯರ್‌ಗಳನ್ನ ಮಾತ್ರ ತಗೋಬೇಕು. ನಾನು ಕಮಿಷನರ್, ಅಂದ್ರೆ ಲೀಗ್ ನಡೆಸೋನು, ನನಗೆ ಮಕರ ಬಂತು.

ಪ್ಲೇಯರ್‌ಗಳ ಹುಟ್ಟಿದ ದಿನ ಒಂದು ಸೈಟಿಂದ ಕಾಪಿ ಮಾಡಿ ಗೂಗಲ್ ಶೀಟ್ಸ್‌ಗೆ ಪೇಸ್ಟ್ ಮಾಡ್ದೆ, ಫಾರ್ಮುಲಾ ಹಾಕ್ದೆ, ರಾಶಿ ಬಂತು, ಆ ಜೋಶಲ್ಲೇ ರಾತ್ರಿ ಕೂತು ಸೀಸನ್ ಪ್ರಿವ್ಯೂ ಬರೆದು ಗ್ರೂಪಿಗೆ ಹಾಕ್ದೆ, 'ಈ ವರ್ಷ ಕಪ್ ಮಕರದ್ದೇ' ಅಂತ. ಯಾಕಂದ್ರೆ ಶೀಟ್ ಪ್ರಕಾರ ಮಕರದಲ್ಲಿ ಆರನ್ ಜಡ್ಜ್, ಹುವಾನ್ ಸೊಟೊ, ಅಕುನ್ಯಾ, ಬಾಬಿ ವಿಟ್, ವ್ಲಾಡಿ ಗೆರೇರೊ, ಪಾಲ್ ಸ್ಕೀನ್ಸ್, ಸ್ಕೂಬಲ್, ಎಲ್ಲಾ ಇದಾರೆ. ಬೆಳಿಗ್ಗೆ ಎದ್ದು ನೋಡಿದ್ರೆ ಗ್ರೂಪಲ್ಲಿ ನನ್ನನ್ನ ಕಳ್ಳ ಅಂತಿದಾರೆ. ನಾನು ಎರಡು ಹೆಸರು ಚೆಕ್ ಮಾಡಿದ್ದೆ ಸ್ವಾಮಿ, ಹುಲಿಯೊ ರೊಡ್ರಿಗೆಸ್ ಡಿಸೆಂಬರ್ 29, ಕೈಲ್ ಟಕರ್ ಜನವರಿ 17, ಇಬ್ಬರೂ ಸರಿಯಾಗೇ ಮಕರ. ಹಾಗಾದ್ರೆ ತಪ್ಪೆಲ್ಲಿ? ಶನಿವಾರ ಡ್ರಾಫ್ಟ್ ಇದೆ, ಅವತ್ತೇ ಎಲ್ಲರೂ ಪ್ಲೇಯರ್‌ಗಳನ್ನ ಆರಿಸೋದು.

ಶೀಟ್‌ಸೀನ
ಫಾರ್ಮುಲಾ ಹೇಗೆ ಬರೆದಿದೀರ ಅಂತ ಹೇಳಿ ಮೊದಲು. ಇನ್ನೊಂದು, ಒಟಾನಿ ಯಾವ ರಾಶಿ ತೋರಿಸ್ತಿದೆ?

ಎಡಿಸನ್_ಗುಂಡ
ಒಟಾನಿ ವೃಷಭ. ಫಾರ್ಮುಲಾ ಅಂದ್ರೆ, ತಿಂಗಳನ್ನ 100ರಿಂದ ಗುಣಿಸಿ ದಿನ ಕೂಡಿಸಿದೀನಿ, ಆಮೇಲೆ ಉದ್ದಕ್ಕೆ ಇಫ್ ಒಳಗೆ ಇಫ್, 1222ಕ್ಕಿಂತ ಜಾಸ್ತಿ ಇದ್ರೆ ಮಕರ, 1122ಕ್ಕಿಂತ ಜಾಸ್ತಿ ಇದ್ರೆ ಧನು, ಹಿಂಗೇ ಇಳ್ಕೊಂಡು ಕೊನೆಗೆ ಏನೂ ಆಗದಿದ್ರೆ ಮಕರ. ಮಧ್ಯ ಮಧ್ಯ ಕೆಂಪು ಎರರ್ ಬರ್ತಿತ್ತು, ನೋಡೋಕೆ ಅಸಹ್ಯ ಅಂತ ಇಫ್‌ಎರರ್ ಹಾಕಿ ಅಲ್ಲೆಲ್ಲಾ 0 ಬರೋ ಹಾಗೆ ಮಾಡ್ದೆ.

ಶೀಟ್‌ಸೀನ
ಹ್ಹ ಹ್ಹ, ಸಿಕ್ಕಿಬಿತ್ತು ಬಿಡಿ. ನಿಮ್ಮ ಗೂಗಲ್ ಅಕೌಂಟ್ ಬೆಂಗ್ಳೂರಲ್ಲಿದ್ದಾಗ ಮಾಡಿದ್ದಾ? ಶೀಟ್‌ನ ಲೊಕೇಲ್ (ಯಾವ ದೇಶದ ಪದ್ಧತಿಲಿ ಡೇಟ್ ಓದಬೇಕು ಅನ್ನೋ ಸೆಟ್ಟಿಂಗ್) ಇಂಡಿಯಾ ಇರುತ್ತೆ, ಅಂದ್ರೆ ಮೊದಲು ದಿನ ಆಮೇಲೆ ತಿಂಗಳು. ಕಾಪಿ ಮಾಡಿದ ಸೈಟು ಅಮೆರಿಕದ್ದು, ಮೊದಲು ತಿಂಗಳು ಆಮೇಲೆ ದಿನ. ಒಟಾನಿ ಹುಟ್ಟಿದ್ದು 1994 ಜುಲೈ 5, ಸೈಟಲ್ಲಿ 7/5/1994 ಅಂತಿರುತ್ತೆ, ನಿಮ್ಮ ಶೀಟು ಅದನ್ನ ಮೇ 7 ಅಂತ ಓದ್ಕೊಂಡು ಕರ್ಕದವನನ್ನ ವೃಷಭಕ್ಕೆ ಕಳಿಸಿದೆ. ಕಣ್ಣಿಗೆ ಗೊತ್ತಾಗಲ್ಲ, ಸೆಲ್‌ನಲ್ಲಿ ಅಂಕಿ ಅದೇ ಕಾಣುತ್ತಲ್ಲ.

ಈಗ ಜಡ್ಜ್ ನೋಡಿ, ಏಪ್ರಿಲ್ 26, ಅಂದ್ರೆ 4/26/1992. ಇಪ್ಪತ್ತಾರನೇ ತಿಂಗಳು ಎಲ್ಲಿದೆ? ಶೀಟು ಅದನ್ನ ಡೇಟ್ ಅಂತಲೇ ಒಪ್ಪಲ್ಲ, ಬರೀ ಟೆಕ್ಸ್ಟ್ ಅಂತ ಇಟ್ಕೊಳುತ್ತೆ, ಅದರಿಂದ ತಿಂಗಳು ತೆಗೆಯೋಕೆ ಹೋದ್ರೆ ಎರರ್. ಆ ಎರರ್‌ಗೆ ನೀವು 0 ಕೊಟ್ರಿ, 0 ಯಾವ ಇಫ್‌ಗೂ ಸಿಗದೆ ಜಾರ್ಕೊಂಡು ಜಾರ್ಕೊಂಡು ಕೊನೆಗೆ ಮಕರಕ್ಕೆ ಬಂದು ಬಿತ್ತು. ಸೊಟೊ ಅಕ್ಟೋಬರ್ 25, ಅಕುನ್ಯಾ ಡಿಸೆಂಬರ್ 18, ವಿಟ್ ಜೂನ್ 14, ಸ್ಕೀನ್ಸ್ ಮೇ 29, ಸ್ಕೂಬಲ್ ನವೆಂಬರ್ 20, ಎಲ್ಲರದ್ದೂ ಇದೇ ಕಥೆ. 12ನೇ ತಾರೀಕಿನ ಮೇಲೆ ಹುಟ್ಟಿದವರೆಲ್ಲಾ ನಿಮ್ಮ ಟೀಮು. ಹುಲಿಯೊ, ಟಕರ್ ಕೂಡ ಎರರ್ ಹೊಡೆದೇ ಅಲ್ಲಿಗೆ ಬಂದಿರೋದು, ಅವರು ನಿಜವಾಗ್ಲೂ ಮಕರ ಆಗಿದ್ದು ಅದೃಷ್ಟ ಅಷ್ಟೇ. ಚೆಕ್ ಮಾಡೋಕೆ ಅವರಿಬ್ಬರನ್ನೇ ಆರಿಸಿದ್ದು ನಿಮ್ಮ ಗ್ರಹಚಾರ.

ಆ ಡೇಟ್ ಕಾಲಮ್‌ನ ಒಂದ್ಸಲ ನೋಡಿ, ಕೆಲವು ಸೆಲ್‌ನಲ್ಲಿ ಎಡಗಡೆಗೆ ಅಂಟಿಕೊಂಡಿದೆ ಕೆಲವು ಬಲಗಡೆಗೆ, ಹೌದಾ?

ಎಡಿಸನ್_ಗುಂಡ
ಅಯ್ಯೋ ಹೌದು!! ಜಡ್ಜ್ ಎಡಕ್ಕೆ, ಒಟಾನಿ ಬಲಕ್ಕೆ. ಇಷ್ಟು ದಿನ ಅದು ನೋಡೋಕೆ ಸರಿಯಿಲ್ಲ ಅಂತ ಎಲ್ಲಾನೂ ಸೆಂಟರ್ ಮಾಡೋಣ ಅನ್ಕೊಂಡಿದ್ದೆ.

ಶೀಟ್‌ಸೀನ
ಮಾಡದೇ ಇದ್ದಿದ್ದು ಒಳ್ಳೇದಾಯ್ತು. ಫೈಲ್ ಮೆನು, ಅದರಲ್ಲಿ ಸೆಟ್ಟಿಂಗ್ಸ್, ಅಲ್ಲಿ ಲೊಕೇಲ್‌ನ ಯುನೈಟೆಡ್ ಸ್ಟೇಟ್ಸ್ ಮಾಡಿ. ಆದ್ರೆ ಇಷ್ಟಕ್ಕೇ ನಿಲ್ಲಿಸಬೇಡಿ, ಆಗಲೇ ತಿರುಗುಮುರುಗು ಆಗಿರೋ ಡೇಟ್ ತಾನಾಗೇ ಸರಿಹೋಗಲ್ಲ, ಒಟಾನಿ ಮೇ 7ರಲ್ಲೇ ಕೂತಿರ್ತಾನೆ. ಡೇಟ್ ಕಾಲಮ್ ಪೂರ್ತಿ ಅಳಿಸಿ ಸೈಟಿಂದ ಮತ್ತೆ ಪೇಸ್ಟ್ ಮಾಡಿ.

ಆ ಇಫ್ ಸಂತೆನೂ ತೆಗೀರಿ. ಪಕ್ಕದಲ್ಲಿ ಒಂದು ಟೇಬಲ್ ಮಾಡಿ, 101 ಮಕರ, 120 ಕುಂಭ, 219 ಮೀನ, 321 ಮೇಷ, 420 ವೃಷಭ, 521 ಮಿಥುನ, 621 ಕರ್ಕ, 723 ಸಿಂಹ, 823 ಕನ್ಯಾ, 923 ತುಲಾ, 1023 ವೃಶ್ಚಿಕ, 1122 ಧನು, ಕೊನೆಗೆ 1222 ಮತ್ತೆ ಮಕರ. ರಾಶಿ ಹನ್ನೆರಡಾದ್ರೂ ಸಾಲು ಹದಿಮೂರು, ಮಕರ ವರ್ಷದ ಎರಡೂ ತುದಿಲಿ ಬರುತ್ತಲ್ಲ. ಟೇಬಲ್‌ನಲ್ಲಿ ಹುಡುಕೋ ವಿಲುಕಪ್ (VLOOKUP) ಫಾರ್ಮುಲಾ ಹಾಕಿ ಕೊನೇ ಆರ್ಗ್ಯುಮೆಂಟ್ ಟ್ರೂ (TRUE) ಕೊಡಿ, ಆಗ ಅದೇ ಅಂಕಿ ಇಲ್ಲದಿದ್ರೆ ಅದಕ್ಕಿಂತ ಕೆಳಗಿನ ಹತ್ತಿರದ ಸಾಲು ಹಿಡಿಯುತ್ತೆ. ಇಫ್‌ಎರರ್ ಬೇಡವೇ ಬೇಡ, ಕೆಂಪು ಬಂದ್ರೆ ಬರಲಿ ಬಿಡಿ, ಅದು ಇರೋದೇ ಹೇಳೋಕೆ.

ಪಂಚಾಂಗಪ್ರಿಯ
ಮಧ್ಯೆ ಬಾಯಿ ಹಾಕ್ತೀನಿ. ಜುಲೈ 5ಕ್ಕೆ ಸೂರ್ಯ ಮಿಥುನದಲ್ಲಿ ಇರ್ತಾನೆ, ಒಟಾನಿ ಕರ್ಕ ಹೆಂಗಾದ? ನಮ್ಮ ಮಕರ ಸಂಕ್ರಾಂತಿ ಜನವರಿ 14ಕ್ಕೆ, ನಿಮ್ಮ ಟೇಬಲ್‌ನಲ್ಲಿ ಡಿಸೆಂಬರ್ 22ಕ್ಕೇ ಮಕರ ಶುರು. ಅದೂ ಅಲ್ಲದೆ ನಮ್ಮಲ್ಲಿ ರಾಶಿ ಅಂದ್ರೆ ಚಂದ್ರ ಇರೋ ರಾಶಿ.

ಶೀಟ್‌ಸೀನ
ಸಾರ್, ನೀವು ಹೇಳೋದು ನಿರಯನ, ಅಂದ್ರೆ ನಕ್ಷತ್ರ ಹಿಡಿದು ಮಾಡೋ ಲೆಕ್ಕ, ಇವರು ಆಡ್ತಿರೋದು ಸಾಯನ, ಅಂದ್ರೆ ಋತು ಹಿಡಿದು ಮಾಡೋ ಲೆಕ್ಕ, ಪೇಪರ್‌ನಲ್ಲಿ ಬರೋ ಇಂಗ್ಲಿಷ್ ರಾಶಿ. ನಿಮ್ಮ ಲೆಕ್ಕನೇ ಬೇಕು ಅಂದ್ರೆ ಹದಿಮೂರು ಸಾಲೂ ಬದಲಾಯಿಸಬೇಕು, ಆಗ ಜಡ್ಜ್ ವೃಷಭ ಬಿಟ್ಟು ಮೇಷಕ್ಕೆ ಹೋಗ್ತಾನೆ. ಚಂದ್ರ ರಾಶಿ ಅಂದ್ರೆ ಹುಟ್ಟಿದ ಟೈಮ್ ಬೇಕು, 700 ಆಟಗಾರರ ಅಮ್ಮಂದಿರಿಗೆ ಯಾರು ಫೋನ್ ಮಾಡೋದು?

ಎಡಿಸನ್_ಗುಂಡ
ಮಾಡಿದೆ, ಕೆಲಸ ಆಯ್ತು! ಒಟಾನಿ ಕರ್ಕ, ಮೂಕಿ ಬೆಟ್ಸ್ ಕರ್ಕದಿಂದ ವಾಪಸ್ ತುಲಾಕ್ಕೆ ಬಂದ, ಫ್ರೆಡ್ಡಿ ಫ್ರೀಮನ್ ಧನು ಬಿಟ್ಟು ಕನ್ಯಾ. ಮಜಾ ಅಂದ್ರೆ ನನ್ನ ಅಸಲಿ ಮಕರದವರು ಬೇರೆ ಟೀಮಲ್ಲಿದ್ರು, ಎಲ್ಲಿ ಡೆಲಾಕ್ರೂಸ್ ಜನವರಿ 11, ಶೀಟ್ ಅವನನ್ನ ನವೆಂಬರ್ 1 ಮಾಡಿ ವೃಶ್ಚಿಕಕ್ಕೆ ಹಾಕಿತ್ತು, ಟಾಟಿಸ್ ಜನವರಿ 2, ಅವನು ಕುಂಭದಲ್ಲಿದ್ದ. ಇಬ್ಬರೂ ಬಂದ್ರು, ಜೊತೆಗೆ ಹುಲಿಯೊ, ಟಕರ್. ಸ್ಟೀಲ್‌ಗೆ (ಓಡಿ ಬೇಸ್ ಕದಿಯೋದು) ತೊಂದ್ರೆ ಇಲ್ಲ, ಪಿಚಿಂಗ್ ಮಾತ್ರ ಹುಡುಕ್ತಾ ಕೂತಿದೀನಿ.

ಹೊಸ ಪ್ರಿವ್ಯೂ ಪ್ರಕಾರ ಫೇವರಿಟ್ ವೃಶ್ಚಿಕ, ಸೊಟೊ 2025ರ ಸೀಸನ್‌ನಲ್ಲಿ 43 ಹೋಮ್ ರನ್ನಿಗೆ 38 ಸ್ಟೀಲ್, ಅವನ ಜೊತೆ ಲಿಂಡೋರ್, 2024, 2025 ಎರಡು ವರ್ಷ ಸಾಲಾಗಿ ಸೈ ಯಂಗ್ (ಬೆಸ್ಟ್ ಪಿಚರ್ ಪ್ರಶಸ್ತಿ) ಹೊಡೆದ ಸ್ಕೂಬಲ್. ಪಿಚಿಂಗ್‌ಗೆ ಮಿಥುನ, ಸ್ಕೀನ್ಸ್, ವೀಲರ್, ಡಿಗ್ರಾಮ್. ಒಂದೇ ಡೌಟು, ಸಿಂಹ ಕನ್ಯಾ ಎರಡರಲ್ಲೂ ಅಮೆರಿಕದ ಹುಡುಗ್ರು ಜಾಸ್ತಿ ಬರ್ತಿದಾರೆ, ಇನ್ನೂ ಏನಾದ್ರೂ ತಪ್ಪಿದೆಯಾ?

ಶೀಟ್‌ಸೀನ
ಇಲ್ಲ, ಅದು ನಿಜ. ಅಲ್ಲಿ ಮಕ್ಕಳ ಬೇಸ್‌ಬಾಲ್‌ಗೆ ತುಂಬಾ ವರ್ಷ ವಯಸ್ಸಿನ ಕಟಾಫ್ ಜುಲೈ 31 ಇತ್ತು, ಆಗಸ್ಟ್‌ನಲ್ಲಿ ಹುಟ್ಟಿದ ಹುಡುಗ ತನ್ನ ಗುಂಪಲ್ಲಿ ಎಲ್ಲರಿಗಿಂತ ದೊಡ್ಡವನಾಗಿರ್ತಾನೆ, ಎತ್ತರ ಜಾಸ್ತಿ, ಕೋಚ್ ಕಣ್ಣಿಗೆ ಬೀಳ್ತಾನೆ, ಅದಕ್ಕೇ ಮೇಜರ್ ಲೀಗ್‌ನಲ್ಲಿ ಅಮೆರಿಕದಲ್ಲಿ ಹುಟ್ಟಿದವರ ಪೈಕಿ ಜುಲೈಗಿಂತ ಆಗಸ್ಟ್‌ನವರು ಜಾಸ್ತಿ. ಕಾರಣ ನಕ್ಷತ್ರ ಅಲ್ಲ, ರಿಜಿಸ್ಟ್ರೇಷನ್ ಫಾರ್ಮು. ಆ ಎರಡು ರಾಶಿ ಬಂದವರು ಪುಣ್ಯವಂತರು, ಕೊನೇ ರೌಂಡ್‌ವರೆಗೂ ಆರಿಸೋಕೆ ಜನ ಇರ್ತಾರೆ.

ಒಂದು ಹೆಸರು ಮಾತ್ರ ಡ್ರಾಫ್ಟ್‌ಗೆ ಮುಂಚೆ ಇತ್ಯರ್ಥ ಮಾಡ್ಕೊಳಿ, ಪಿಚರ್ ಗ್ಯಾರೆಟ್ ಕ್ರೋಶೆ. ಜೂನ್ 21, ಅಂದ್ರೆ ಸರಿಯಾಗಿ 621, ಗಡಿ ಮೇಲೇ ನಿಂತಿದಾನೆ. ಕೆಲವು ಟೇಬಲ್‌ನಲ್ಲಿ ಕರ್ಕ 21ಕ್ಕೆ ಶುರು, ಕೆಲವದರಲ್ಲಿ 22ಕ್ಕೆ.

ಎಡಿಸನ್_ಗುಂಡ
2025ರಲ್ಲಿ 255 ಸ್ಟ್ರೈಕ್‌ಔಟ್ ತೆಗೆದವನು ಅವನು, ಅವನನ್ನ ಯಾರು ಬಿಡ್ತಾರೆ. ಮಿಥುನದವನು ಆಗಲೇ ಎರಡು ಸಲ ಫೋನ್ ಮಾಡಿದಾನೆ, ಕರ್ಕದವನು ಮನೆಗೇ ಬರ್ತೀನಿ ಅಂತಿದಾನೆ. ಥ್ರೆಡ್ ಸಾಲ್ವ್ಡ್ ಅಂತ ಹಾಕಿ ಸಾರ್, ಇದು ಶೀಟಿಂದ ಬಗೆಹರಿಯೋದಲ್ಲ.