ಅಮೆರಿಕದಲ್ಲಿ ಸರ್ಕಾರ ಶಟ್‌ಡೌನ್ ಆದ್ರೆ ಕೊನೆಗೆ ಪೆಟ್ಟು ತಿನ್ನುದು ಯಾವ ಪಾರ್ಟಿ?

ಬದಿಯಡ್ಕ ತೋಟ:
ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗ ವರ್ಜೀನಿಯಾದಲ್ಲಿ ಇರುದು, ಅಲ್ಲಿಯ ಕೇಂದ್ರ ಸರ್ಕಾರಕ್ಕೆ ಕಾಂಟ್ರಾಕ್ಟ್ ಕೆಲಸ ಮಾಡಿಕೊಡುವ ಒಂದು ಕಂಪೆನಿಯಲ್ಲಿ. ಖರ್ಚಿನ ಬಿಲ್ಲು ಸಂಸತ್ತಲ್ಲಿ ಪಾಸಾಗದೆ 2025 ಅಕ್ಟೋಬರ್ 1ಕ್ಕೆ ನಿಂತ ಸರ್ಕಾರ (ಇದಕ್ಕೇ ಶಟ್‌ಡೌನ್ ಅನ್ನುದು) ಪುನಃ ಶುರುವಾದದ್ದು ನವೆಂಬರ್ 12ಕ್ಕೆ, 43 ದಿನ, ಅಷ್ಟೂ ದಿನ ಅವನಿಗೆ ಕೆಲಸವೂ ಇಲ್ಲ ಸಂಬಳವೂ ಇಲ್ಲ. ಪರ್ಮನೆಂಟ್ ನೌಕರರಿಗೆ ಬಾಕಿ ಸಂಬಳ ಕೊಡ್ಲೇಬೇಕು ಅಂತ 2019ರಲ್ಲಿ ಕಾನೂನು ಮಾಡಿದ್ದಾರೆ, ಕಾಂಟ್ರಾಕ್ಟಿನವರಿಗೆ ಅದು ಇಲ್ಲ, ಹೋದದ್ದು ಹೋಯ್ತು. ಅಕ್ಕನಿಗೆ ಇಲ್ಲಿ ರಾತ್ರಿ ನಿದ್ದೆ ಇರ್ಲಿಲ್ಲ. ಈಗ ಮನೆಯಲ್ಲಿ ಅದರದ್ದೇ ಚರ್ಚೆ. ಭಾವ ಹೇಳುದು ಜನ ಕುರ್ಚಿಯಲ್ಲಿ ಯಾರಿದ್ದಾರೋ ಅವರನ್ನೇ ಬೈಯುದು, ಹಾಗಾಗಿ ಟ್ರಂಪ್‌ರ ರಿಪಬ್ಲಿಕನ್ ಪಾರ್ಟಿಗೇ ನಷ್ಟ ಅಂತ. ನನಗೆ ಕಾಣುದು ಹಾಗಲ್ಲ, ಆರೋಗ್ಯ ವಿಮೆಯ ಸಬ್ಸಿಡಿ ಮುಂದುವರಿಸಿ ಅಂತ ಹಠ ಹಿಡಿದು ಸೆನೆಟಲ್ಲಿ (ಅಲ್ಲಿಯ ಮೇಲ್ಮನೆ) ಬಿಲ್ಲಿಗೆ ಬೇಕಾದ 60 ವೋಟು ಸಿಗದ ಹಾಗೆ ಮಾಡಿದ್ದು ಡೆಮಾಕ್ರಟರು, ಪೆಟ್ಟು ಅವರಿಗಲ್ವಾ? ಹಿಂದೆ ಎಂತ ಆಗಿದೆ ಅಂತ ಗೊತ್ತಿದ್ದವರು ಹೇಳಿ. ಮತ್ತೆ ನಮ್ಮಲ್ಲಿ ಹೀಗೆ ಎಂತಕ್ಕೆ ಆಗುದಿಲ್ಲ?

ಕುಂಬಳೆ ಕಡಲು:
ನೀವಿಬ್ರು ಹೇಳುದೂ ಪೂರ್ತಿ ಸರಿ ಅಲ್ಲ. 1995-96ರದ್ದು ನೋಡಿ, ಪ್ರೆಸಿಡೆಂಟ್ ಕ್ಲಿಂಟನ್ ಡೆಮಾಕ್ರಟ್, ಸಂಸತ್ತು ರಿಪಬ್ಲಿಕನ್ನರ ಕೈಯಲ್ಲಿ, ಸ್ಪೀಕರ್ ನ್ಯೂಟ್ ಗಿಂಗ್ರಿಚ್ ಖರ್ಚು ಕಡಿಮೆ ಮಾಡ್ಬೇಕು ಅಂತ ಪಟ್ಟು ಹಿಡಿದು ಸರ್ಕಾರ ಎರಡು ಸಲ ನಿಂತಿತು, ಎರಡನೇದು 21 ದಿನ. ಜನ ಬೈದದ್ದು ಗಿಂಗ್ರಿಚ್‌ಗೆ. ಮುಂದಿನ ನವೆಂಬರಲ್ಲಿ ಕ್ಲಿಂಟನ್ ಆರಾಮಾಗಿ ಗೆದ್ರು. ಎಲ್ಲರೂ ಈ ಕತೆಯನ್ನು ಇಲ್ಲಿಗೇ ನಿಲ್ಲಿಸ್ತಾರೆ, ಆದ್ರೆ ಅದೇ ಚುನಾವಣೆಯಲ್ಲಿ ರಿಪಬ್ಲಿಕನ್ನರು ಎರಡೂ ಸದನ ಉಳಿಸಿಕೊಂಡ್ರು, ಸೆನೆಟಲ್ಲಿ 2 ಸೀಟು ಜಾಸ್ತಿಯೇ ಬಂತು.

2013 ಇನ್ನೂ ವಿಚಿತ್ರ. ಡೆಮಾಕ್ರಟ್ ಪ್ರೆಸಿಡೆಂಟ್ ಒಬಾಮಾ ತಂದ ಆರೋಗ್ಯ ವಿಮೆಯ ಕಾನೂನು ಒಬಾಮಾಕೇರ್‌ಗೆ ದುಡ್ಡು ಕೊಡ್ಬಾರ್ದು ಅಂತ ರಿಪಬ್ಲಿಕನ್ನರು 16 ದಿನ ನಿಲ್ಲಿಸಿದ್ರು, ಸರ್ವೆಗಳಲ್ಲಿ ಅವರ ಹೆಸರು ಪೂರ್ತಿ ಕೆಟ್ಟಿತ್ತು. ಆದ್ರೆ ಒಬಾಮಾಕೇರ್ ವೆಬ್‌ಸೈಟ್ ಶುರುವಾದದ್ದೂ ಅದೇ ಅಕ್ಟೋಬರ್ 1ಕ್ಕೆ, ಜನ ಲಾಗಿನ್ ಆಗ್ಲಿಕ್ಕೆ ನೋಡಿದ್ರೆ ಸೈಟ್ ಹ್ಯಾಂಗ್, ಶಟ್‌ಡೌನ್ ಗಲಾಟೆಯಲ್ಲಿ ಅದು ದೊಡ್ಡ ಸುದ್ದಿ ಆಗ್ಲಿಲ್ಲ, ಶಟ್‌ಡೌನ್ ಮುಗಿದದ್ದೇ ಟಿವಿಯವರೆಲ್ಲ ಅದರ ಹಿಂದೆ ಬಿದ್ರು. 2014ರಲ್ಲಿ ರಿಪಬ್ಲಿಕನ್ನರಿಗೆ ಸೆನೆಟಲ್ಲಿ 9 ಸೀಟು ಜಾಸ್ತಿ ಆಗಿ ಬಹುಮತವೇ ಸಿಕ್ಕಿತು.

ಹಾಗೆಯೇ ನಿಲ್ಲಿಸಿದವರ ಬೇಡಿಕೆಯೂ ಈಡೇರುದು ಕಡಿಮೆ. 2018-19ರಲ್ಲಿ ಟ್ರಂಪ್ ಮೆಕ್ಸಿಕೊ ಗಡಿಯ ಗೋಡೆಗೆ 570 ಕೋಟಿ ಡಾಲರ್ ಕೇಳಿ 35 ದಿನ ನಿಲ್ಲಿಸಿದ್ದು, ಹೊಣೆ ನಂದೇ ಅಂತ ಕ್ಯಾಮರಾ ಎದುರು ಹೇಳಿದ್ದು ಬೇರೆ, ಕೊನೆಗೆ ಸಂಸತ್ತು ಕೊಟ್ಟದ್ದು 137.5 ಕೋಟಿ. ಈ ಸಲ ಡೆಮಾಕ್ರಟರ ಕಡೆಯ 8 ಸೆನೆಟರುಗಳು ಆಚೆ ವೋಟು ಹಾಕಿದ ಮೇಲೆ ಸರ್ಕಾರ ಓಪನ್ ಆಯ್ತು, ಸಬ್ಸಿಡಿ ಡಿಸೆಂಬರಲ್ಲಿ ಸೆನೆಟಲ್ಲಿ ಬಿದ್ದೇ ಹೋಯ್ತು.

ಮಂಜೇಶ್ವರ ಮೇಷ್ಟ್ರು:
ನಮ್ಮಲ್ಲಿ ಎಂತಕ್ಕೆ ಇಲ್ಲ ಅಂದ್ರೆ, ಅಲ್ಲಿ ಪ್ರೆಸಿಡೆಂಟ್ ಬೇರೆ ಗೆದ್ದು ಬರುದು, ಸಂಸತ್ತು ಬೇರೆ ಗೆದ್ದು ಬರುದು, ಎಷ್ಟು ಜಗಳ ಆಡಿದ್ರೂ ಇಬ್ಬರ ಕುರ್ಚಿಯೂ ಗಟ್ಟಿ. ಇಲ್ಲಿ ಲೋಕಸಭೆಯಲ್ಲಿ ಬಜೆಟ್ ಬಿದ್ರೆ ಸರ್ಕಾರವೇ ಬಿದ್ದ ಹಾಗೆ. ಬಜೆಟ್ ಪಾಸಾಗ್ಲಿಕ್ಕೆ ತಡ ಆದ್ರೆ ಸಂವಿಧಾನದ 116ನೇ ವಿಧಿಯ ಲೇಖಾನುದಾನ (ಅಲ್ಲಿಯವರೆಗಿನ ಖರ್ಚಿಗೆ ಮುಂಗಡ ಮಂಜೂರಾತಿ) ಉಂಟು, ಸಂಬಳ ನಿಲ್ಲುದಿಲ್ಲ. ಅಲ್ಲಿಯೂ 1980ಕ್ಕಿಂತ ಮೊದಲು ಬಿಲ್ ತಡ ಆದ್ರೂ ಆಫೀಸುಗಳು ನಡೀತಿದ್ವು, ದುಡ್ಡು ಮಂಜೂರಾಗದೆ ಕೆಲಸ ಮಾಡಿಸಿದ್ರೆ ಕಾನೂನುಬಾಹಿರ ಅಂತ ಅಟಾರ್ನಿ ಜನರಲ್ ಸಿವಿಲೆಟ್ಟಿ ಅಭಿಪ್ರಾಯ ಕೊಟ್ಟ ಮೇಲೆ ಈ ಪದ್ಧತಿ ಬಂದದ್ದು.

ಆದ್ರೆ ಯಾರ ಮೇಲೆ ತಪ್ಪು ಹಾಕುದು ಅನ್ನುವ ಜಗಳ ನಮ್ಮ ಕೇರಳದಲ್ಲಿಯೂ ಉಂಟಲ್ಲ. 2024 ಮಾರ್ಚಲ್ಲಿ ಸರ್ಕಾರಿ ಸಂಬಳ ಕೆಲವು ದಿನ ತಡ ಆಯ್ತು, 1600 ರೂಪಾಯಿಯ ಕ್ಷೇಮ ಪೆನ್ಶನ್ ತಿಂಗಳುಗಟ್ಟಲೆ ಬಾಕಿ. ಆಗ ಅಧಿಕಾರದಲ್ಲಿದ್ದ ಎಡಪಕ್ಷಗಳ ಕೂಟ ಎಲ್‌ಡಿಎಫ್ ಹೇಳಿದ್ದು ಕೇಂದ್ರ ಸಾಲ ತೆಗೀಲಿಕ್ಕೆ ಬಿಡುದಿಲ್ಲ ಅಂತ, ಸುಪ್ರೀಂ ಕೋರ್ಟಿಗೂ ಹೋದ್ರು, ಬಿಜೆಪಿ ಹೇಳಿದ್ದು ಇವರಿಗೆ ಲೆಕ್ಕ ನೋಡಿ ಖರ್ಚು ಮಾಡ್ಲಿಕ್ಕೆ ಗೊತ್ತಿಲ್ಲ ಅಂತ. ಆ ವರ್ಷ ಲೋಕಸಭೆಯಲ್ಲಿ ಎಲ್‌ಡಿಎಫ್‌ಗೆ 20ರಲ್ಲಿ 1 ಸೀಟು. ಪೆನ್ಶನ್ನಿಂದಲೇ ಸೋತದ್ದು ಅಂತ ತುಂಬ ಜನ ಹೇಳ್ತಾರೆ, ಆದ್ರೆ 2019ರಲ್ಲಿಯೂ ಅವರಿಗೆ ಸಿಕ್ಕಿದ್ದು 1 ಸೀಟೇ. ಹಾಗಾಗಿ ಇಂಥದಕ್ಕೆ ಒಂದೇ ಕಾರಣ ಹೇಳ್ಲಿಕ್ಕೆ ನನಗೆ ಧೈರ್ಯ ಬರುದಿಲ್ಲ.

ಉಪ್ಪಳ ಗೇಟ್:
ಕುಂಬಳೆಯವ್ರೇ, ವೋಟಲ್ಲಿ ಕಾಣುದೇ ಇಲ್ಲ ಅನ್ನುವ ಹಾಗೆ ಬರ್ದಿದ್ದೀರಿ, ಅದು ನಾನು ಒಪ್ಪುದಿಲ್ಲ. ನೀವು ಕೊಟ್ಟ ಉದಾಹರಣೆಗಳಲ್ಲಿ ಚುನಾವಣೆ ಹತ್ತು ಹನ್ನೆರಡು ತಿಂಗಳು ದೂರ ಇತ್ತು, ಅಷ್ಟರೊಳಗೆ ಮರೆತು ಹೋಗ್ತದೆ. ಚುನಾವಣೆ ಹತ್ತಿರ ಇದ್ದು ಸಂಬಳ ನಿಂತವರೇ ಜಾಸ್ತಿ ಇರುವ ಊರು ಯಾವುದು ಅಂತ ನೋಡಿ, ಅದು ಇವರ ಅಳಿಯ ಇರುವ ವರ್ಜೀನಿಯಾವೇ. ಅಲ್ಲಿ ಗವರ್ನರ್ (ನಮ್ಮ ಮುಖ್ಯಮಂತ್ರಿಯ ಹಾಗೆ) ಚುನಾವಣೆಯಲ್ಲಿ ಪ್ರೆಸಿಡೆಂಟಿನ ಪಾರ್ಟಿ ಸೋಲುದು ವಾಡಿಕೆ, 1977ರಿಂದ ಹಾಗೆಯೇ ನಡ್ಕೊಂಡು ಬಂದಿತ್ತು. 2013ರಲ್ಲಿ ಒಬಾಮ ಇರುವಾಗ ಶಟ್‌ಡೌನ್ ಮುಗಿದು ಮೂರು ವಾರ ಆಗುವ ಮೊದಲೇ ಚುನಾವಣೆ ಬಂತು, ಆ ವಾಡಿಕೆ ಮುರಿದು ಡೆಮಾಕ್ರಟ್ ಮೆಕಾಲಿಫ್ ಗೆದ್ರು. ಗೆದ್ದದ್ದು ಸಣ್ಣ ಅಂತರದಲ್ಲಿ, ಆದ್ರೂ ಗೆದ್ರು. 2025 ನವೆಂಬರ್ 4ಕ್ಕೆ ಶಟ್‌ಡೌನ್ ನಡೀತಿರುವಾಗಲೇ ಚುನಾವಣೆ, ಡೆಮಾಕ್ರಟ್ ಸ್ಪ್ಯಾನ್‌ಬರ್ಗರ್ ಸುಮಾರು 15 ಪರ್ಸೆಂಟ್ ಅಂತರದಲ್ಲಿ ಗೆದ್ರು. ಬಿಲ್ ತಡೆದದ್ದು ಅವರದ್ದೇ ಪಾರ್ಟಿ, ಆದ್ರೂ! ಇದರಲ್ಲಿ ನಿಮ್ಮ ಭಾವ ಹೇಳಿದ್ದೇ ಸರಿ ಕಾಣ್ತದೆ. ಅದಕ್ಕಿಂತ ಮೊದಲೇ ಟ್ರಂಪ್ ಸರ್ಕಾರ ಅಲ್ಲಿ ಸುಮಾರು ನೌಕರರನ್ನು ಮನೆಗೆ ಕಳಿಸಿತ್ತು, ಆ ಸಿಟ್ಟೂ ಸೇರಿತ್ತು ಅನ್ನಿ.

ಬದಿಯಡ್ಕ ತೋಟ:
ತುಂಬ ಉಪಕಾರ ಆಯ್ತು, ಮೂವರು ಬರ್ದದ್ದೂ ಅಕ್ಕ-ಭಾವನಿಗೆ ಓದಿ ಹೇಳಿದೆ. ಭಾವ ಖುಷಿಯಲ್ಲಿದ್ದಾರೆ. ನವೆಂಬರ್ 4ಕ್ಕೆ ಪಕ್ಕದ ಮನೆಯ ಗಂಡ-ಹೆಂಡತಿ, ಇಬ್ಬರೂ ಸರ್ಕಾರಿ ನೌಕರರು, ಒಂದು ತಿಂಗಳಿಂದ ಸಂಬಳ ಇಲ್ಲ, ಬೆಳಿಗ್ಗೆಯೇ ಹೋಗಿ ಕ್ಯೂ ನಿಂತಿದ್ರು ಅಂತ ಅಕ್ಕನ ಮಗ ಆವತ್ತೇ ಫೋನಲ್ಲಿ ಹೇಳಿದ್ದ, ನಮಗೆ ಆಗ ಅದರ ಅರ್ಥ ಆಗಿರ್ಲಿಲ್ಲ. ಅವನಿಗೆ ಅಲ್ಲಿ ವೋಟಿಲ್ಲ, ಎಚ್‌1ಬಿ ವೀಸಾದಲ್ಲಿ ಇರುದು.