ಪದವಿನ ಫಿಲ್ಮ್ ಮಾಡಿದ್ರೆ ಪದವು ಉಳಿಯುತ್ತಾ? ಅನುಭವ ಇದ್ದವರು ಹೇಳಿ ಮಾರಾಯ್ರೆ

ಹಿರಿಯಡ್ಕದ ಹುಡುಗ ಕೇಳಿದ್ದು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದೆ ಒಂದು ಮುರಕಲ್ಲಿನ (ಲ್ಯಾಟರೈಟ್) ಪದವು, ಅಂದ್ರೆ ಎತ್ತರದ ಬಂಡೆ ಬಯಲು, ಉಂಟು. ಬೇಸಗೆಯಲ್ಲಿ ಬರೀ ಕೆಂಪು ಬಂಡೆ, ಕ್ರಿಕೆಟ್ ಆಡ್ಲಿಕ್ಕೆ ಬಿಟ್ರೆ ಎಂತಕ್ಕೂ ಉಪಯೋಗ ಇಲ್ಲ ಅಂತ ಊರಿನವರ ಲೆಕ್ಕ. ಮಳೆ ಬಿದ್ದು ಹದಿನೈದು ದಿನ ಆದ್ರೆ ಅದು ಬೇರೆಯೇ ಜಾಗ, ಗುಂಡಿ ಗುಂಡಿಯಲ್ಲಿ ಕಪ್ಪೆ, ಕಲ್ಲಿನ ಮಧ್ಯೆ ಟಿಟ್ಟಿಭದ ಮೊಟ್ಟೆ, ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿದ ಮೇಲೆ ನೀಲಿ ಹೂವಿನ ಚಾಪೆ ಹಾಸಿದ ಹಾಗೆ. ಎರಡು ವರ್ಷದಿಂದ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಮತ್ತು 70-300 ಲೆನ್ಸ್ ಹಿಡ್ಕೊಂಡು ಅಲ್ಲೇ ಸುತ್ತುದು, ರೀಲ್ಸ್ ಹಾಕುದು. ನವಿಲು ಕುಣಿಯುವ ರೀಲಿಗೆ ನಲ್ವತ್ತು ಸಾವಿರ ವ್ಯೂ ಬಂತು. ಅದೇ ವಾರ ಪದವಿನ ಆಚೆ ಬದಿಗೆ ಜೆಸಿಬಿ ಬಂತು, ಕಲ್ಲುಕೋರೆ ಶುರು. ನಲ್ವತ್ತು ಸಾವಿರ ಜನ ನೋಡಿದ್ದಕ್ಕೆ ಒಂದು ಕಲ್ಲೂ ಉಳಿಲಿಲ್ಲ. ಈಗ ಸರಿಯಾದ ಒಂದು ಹತ್ತು ನಿಮಿಷದ ಫಿಲ್ಮ್ ಮಾಡುವ ಅಂತ ಮನಸ್ಸು. ಲೋನ್ ಮಾಡಿ 600 ಎಂಎಂ ಲೆನ್ಸ್ ತೆಗೊಳ್ಬೇಕಾ, ಡ್ರೋನ್ ಬೇಕಾ, ಮಾಡಿದ ಮೇಲೆ ಎಲ್ಲಿಗೆ ಕಳಿಸುದು? ಇಂಥದ್ದು ಮಾಡಿ ಏನಾದ್ರೂ ಪ್ರಯೋಜನ ಕಂಡವರು ಇದ್ದೀರಾ?

ಕಾರ್ಕಳದಿಂದ, ಸ್ಲೈಡ್ ಕಾಲದ ಫೋಟೋಗ್ರಾಫರ್:
ತಮ್ಮಾ, ಲೆನ್ಸಿನ ವಿಷಯ ಆಮೇಲೆ. ನಿನ್ನ ಫಿಲ್ಮ್ ನೋಡ್ಬೇಕಾದವರು ಎಷ್ಟು ಜನ ಅಂತ ಮೊದಲು ಬೆರಳು ಮಡಚಿ ಲೆಕ್ಕ ಹಾಕು. ನಲ್ವತ್ತು ಸಾವಿರ ಅಲ್ಲ, ನನ್ನ ಅಂದಾಜಲ್ಲಿ ಹನ್ನೆರಡು ಹದಿಮೂರು ಜನ ಇರಬಹುದು, ಜಾಗದವರು, ಪಂಚಾಯತ್ ಮೆಂಬರುಗಳು, ಗಣಿ ಮತ್ತು ಭೂವಿಜ್ಞಾನ ಇಲಾಖೆಯವರು, ಪದವಿನ ಕೆಳಗೆ ಬಾವಿ ಇರುವ ನಾಲ್ಕು ಮನೆಯವರು. ಇವರು ನೋಡದಿದ್ರೆ ಲಕ್ಷ ವ್ಯೂ ಬಂದ್ರೂ ಅಷ್ಟೇ.

ಇದು ನನ್ನ ಬುದ್ಧಿಯಿಂದ ಬಂದ ಮಾತಲ್ಲ, ಕುದುರೆಮುಖದಲ್ಲಿ ಕಂಡದ್ದು. ನಿಮ್ಮ ಪ್ರಾಯದವರಿಗೆ ಗೊತ್ತಿರ್ಲಿಕ್ಕಿಲ್ಲ, ಕುದುರೆಮುಖ 1987ರಲ್ಲಿ ನ್ಯಾಷನಲ್ ಪಾರ್ಕ್ ಆಯ್ತು, ಆದ್ರೆ ಒಳಗೆ ಕಬ್ಬಿಣದ ಅದಿರಿನ ಗಣಿ ನಡೀತಾನೇ ಇತ್ತು, ಅದಿರಿನ ಕೆಸರು ಪೈಪಿನಲ್ಲಿ ಘಟ್ಟ ಇಳಿದು ನಮ್ಮ ಪಣಂಬೂರು ಬಂದರಿಗೇ ಬರ್ತಿತ್ತು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗುಡ್ಡಗಳು ಅವು. ಆಗ ವೈಲ್ಡ್‌ಲೈಫ್ ಫಸ್ಟ್ ಅನ್ನುವ ಸಂಸ್ಥೆಯವರು ಸುಪ್ರೀಂ ಕೋರ್ಟಿಗೆ ಹೋದ್ರು, ಅದೇ ಹೊತ್ತಿಗೆ 2001ರಲ್ಲಿ ವನ್ಯಜೀವಿ ಫಿಲ್ಮ್ ಮಾಡುವ ಶೇಖರ್ ದತ್ತಾತ್ರಿ ಒಂದು ಸಣ್ಣ ಫಿಲ್ಮ್ ಮಾಡಿದ್ರು. ಅದ್ರಲ್ಲಿ ಹುಲಿ ಘರ್ಜನೆ ಗಿರ್ಜನೆ ನಂಬಿ ಕೂತಿರ್ಲಿಲ್ಲ. ಮಳೆಗಾಲದಲ್ಲಿ ಹೋಗಿ, ಗಣಿ ಮಣ್ಣು ಕೊಚ್ಕೊಂಡು ಬಂದು ಭದ್ರೆ ಕೆಂಪಾಗಿ ಹರಿಯುದನ್ನು ತೋರಿಸಿದ್ರು. ಘಟ್ಟದ ಮಳೆಯಲ್ಲಿ ಕ್ಯಾಮೆರಾ ಹೊರಗೆ ತೆಗಿಯುದು ಅಂದ್ರೆ ಎಂತ ಅಂತ ಕ್ಯಾಮೆರಾ ಹಿಡಿದವನಿಗೇ ಗೊತ್ತು. ಅದನ್ನು ತೋರಿಸಿದ್ದು ಯಾರು ತೀರ್ಮಾನ ಮಾಡ್ಬೇಕೋ ಅವರಿಗೆ. 2002ರಲ್ಲಿ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು.

ಫಿಲ್ಮ್ ಒಂದೇ ಗಣಿ ನಿಲ್ಲಿಸಿತು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರಂಥವರು ವರ್ಷಗಟ್ಟಲೆ ಕಾಗದ ಪತ್ರ ಹಿಡ್ಕೊಂಡು ಓಡಾಡಿದ್ದು, ವಿಜ್ಞಾನಿಗಳು ನದಿ ಹೂಳಿನ ಲೆಕ್ಕ ಕೊಟ್ಟದ್ದು, ವಕೀಲರು ವಾದ ಮಾಡಿದ್ದು ಎಲ್ಲ ಸೇರಿ ಆದದ್ದು. ಆದ್ರೆ ಸಾವಿರ ಪುಟದ ಫೈಲಲ್ಲಿ ಇದ್ದದ್ದು ಕಣ್ಣಿಗೆ ಕಟ್ಟಿದ್ದು ಆ ಕೆಂಪು ನೀರಿನಿಂದ. ನಿನ್ನ ಪದವಿನಲ್ಲಿ ಆ ಕೆಂಪು ನೀರು ಯಾವುದು ಅಂತ ಹುಡುಕು, ನವಿಲಂತೂ ಅಲ್ಲ.

ಕದ್ರಿಯಿಂದ ಒಬ್ಬರು:
ಇದೆಲ್ಲ ಕೇಳ್ಲಿಕ್ಕೆ ಚಂದ. ನಾನು ಹತ್ತು ವರ್ಷ ಹಕ್ಕಿ ಫೋಟೋ ತೆಗ್ದೆ, ಎಕ್ಸಿಬಿಷನ್ ಮಾಡಿದೆ, ಬಂದವರೆಲ್ಲ ಸೂಪರ್ ಸರ್ ಸೂಪರ್ ಸರ್ ಅಂತ ಹೇಳಿ ಚಾ ಕುಡ್ದು ಹೋದ್ರು. ಫೋಟೋ ತೆಗೆದ ಗದ್ದೆಯಲ್ಲಿ ಈಗ ಅಪಾರ್ಟ್‌ಮೆಂಟ್. ಫೋಟೋದಿಂದ ಎಂತದೂ ಆಗುದಿಲ್ಲ ಮಾರಾಯ್ರೆ, ಹವ್ಯಾಸ ಅಂತ ಮಾಡಿ ಖುಷಿ ಪಡಿ ಅಷ್ಟೆ.

ಕಾರ್ಕಳದಿಂದ:
ನಿಮ್ಮ ಬೇಸರ ಅರ್ಥ ಆಗ್ತದೆ. ಆದ್ರೆ ಒಂದು ಕೇಳ್ತೇನೆ, ಎಕ್ಸಿಬಿಷನಿಗೆ ಆ ಗದ್ದೆಯ ಯಜಮಾನರನ್ನು ಕರ್ದಿದ್ರಾ? ನಾನೂ ಕರೀಲಿಲ್ಲ, ಬಹಳ ಸಲ. ನಾಗಾಲ್ಯಾಂಡಿನ ಕಥೆ ನೋಡಿ, 2012ರಲ್ಲಿ ದೋಯಾಂಗ್ ಜಲಾಶಯದ ಹತ್ರ ಅಮೂರ್ ಫಾಲ್ಕನ್ ಅನ್ನುವ ವಲಸೆ ಹಕ್ಕಿಗಳನ್ನು ಬಲೆ ಹಾಕಿ ಲಕ್ಷ ಲೆಕ್ಕದಲ್ಲಿ ಹಿಡಿದು ಕೊಲ್ತಿದ್ರು. ಕನ್ಸರ್ವೇಶನ್ ಇಂಡಿಯಾ ಅನ್ನುವ ವನ್ಯಜೀವಿ ಬಳಗದ ಸಣ್ಣ ತಂಡ ಹೋಗಿ ವೀಡಿಯೋ ಮಾಡಿ ಹೊರಗೆ ಹಾಕಿತು. ಪ್ರಪಂಚ ಇಡೀ ಬೈದದ್ದು ಒಂದು ಕಡೆ, ಅದರಿಂದ ಸರ್ಕಾರ ಎದ್ದು ಕೂತಿತು ಹೌದು. ಆದ್ರೆ ಮುಂದಿನ ವರ್ಷ ಹಕ್ಕಿ ಉಳಿದದ್ದು ಊರಿನ ಕೌನ್ಸಿಲ್‌ನವರು, ಚರ್ಚಿನವರು, ಬಲೆ ಹಾಕ್ತಿದ್ದವರು ಎಲ್ಲ ಕೂತು ಮಾತಾಡಿ ಬಲೆ ಕೆಳಗೆ ಇಟ್ಟದ್ದರಿಂದ. 2013ರಲ್ಲಿ ಆ ಬೇಟೆ ನಿಂತಿತು. ಒಂದೇ ವರ್ಷದಲ್ಲಿ.

ಮಂಗಳೂರಿನಿಂದ, ಝೂವಾಲಜಿ ಎಂಎಸ್ಸಿ ಮಾಡ್ತಿರುವವಳು:
ಅಣ್ಣ, ನಿಮ್ಮ ಪದವಿನಲ್ಲಿ ಕಪ್ಪೆ ಅಂದ್ರಲ್ಲ, ಅದು ಯಾವ ಕಪ್ಪೆ ಅಂತ ನೋಡಿದ್ದೀರಾ? ಮಣಿಪಾಲದ ಆಸುಪಾಸಿನ ಇಂಥದ್ದೇ ಮುರಕಲ್ಲಿನ ಜಾಗದಿಂದ 2016ರಲ್ಲಿ ಒಂದು ಹೊಸ ಕಪ್ಪೆಯನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ರು, ಮೈಕ್ರೊಹೈಲಾ ಲ್ಯಾಟರೈಟ್, ಅಂದ್ರೆ ಹೆಸರಲ್ಲೇ ಮುರಕಲ್ಲು ಉಂಟು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ಕೂಗು ಕೇಳಿದ್ರೆ ಜೀರುಂಡೆ ಅಂತ ಬಿಟ್ಟು ಹೋಗ್ತೇವೆ. 2018ರಲ್ಲಿ ಮಂಗಳೂರಿನಿಂದ ಇನ್ನೊಂದು, ಮೈಕ್ರೊಹೈಲಾ ಕೊಡಿಯಾಲ್, ಕೊಂಕಣಿಯವರು ಮಂಗಳೂರಿಗೆ ಹೇಳುವ ಹೆಸರು ಅದಕ್ಕೆ. ಘಟ್ಟ ಹತ್ತಿ ಕಾಳಿಂಗ ಹುಡುಕ್ಲಿಕ್ಕೆ ಹೋಗುವ ನಾವು ಕಾಲಡಿಯ ಕಪ್ಪೆ ತುಳ್ಕೊಂಡು ಹೋಗುದು.

600 ಎಂಎಂ ಇದಕ್ಕೆ ಎಂತಕ್ಕೆ? ಹತ್ರ ಫೋಕಸ್ ಆಗುವ ಒಂದು ಮ್ಯಾಕ್ರೋ ಸಾಕು, ಮತ್ತೆ ಸೌಂಡ್. ನಾನು ಮೊಬೈಲಲ್ಲೇ ಕಪ್ಪೆ ಕೂಗು ರೆಕಾರ್ಡ್ ಮಾಡಿ ನಮ್ಮ ಅಜ್ಜಿಗೆ ಕೇಳಿಸಿದೆ, ಎಂಬತ್ತು ವರ್ಷದಿಂದ ಕೇಳ್ತಿದ್ದೇನೆ, ಹುಳ ಅಂತ ಗ್ರಹಿಸಿದ್ದೆ ಅಂತ ಹೇಳಿದ್ರು, ಆಮೇಲೆ ಮಳೆ ಬಂದ ದಿನ ಅವರೇ ಕರೀತಾರೆ, ಬಾ ನಿನ್ನ ಕಪ್ಪೆ ಶುರು ಮಾಡಿತು ಅಂತ. ಮತ್ತೊಂದು, ಒಂದು ಕಲ್ಲಿಗೆ ಗುರುತು ಹಾಕಿ, ಪ್ರತಿ ತಿಂಗಳು ಅದೇ ಕಲ್ಲಿನ ಮೇಲೆ ನಿಂತು ಅದೇ ಲೆನ್ಸಲ್ಲಿ ಅದೇ ದಿಕ್ಕಿಗೆ ಒಂದು ಫೋಟೋ ತೆಗೀರಿ, ಮೇಯಲ್ಲಿ ಬೋಳು ಬಂಡೆ, ಜೂನಲ್ಲಿ ನೀರು, ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಹೂ. ಹನ್ನೆರಡು ಫೋಟೋ ಸಾಲಾಗಿ ಬಂದ್ರೆ ಬಂಜರು ಜಾಗ ಅಂತ ಹೇಳ್ಲಿಕ್ಕೆ ಯಾರಿಗೂ ಬಾಯಿ ಬರ್ಲಿಕ್ಕಿಲ್ಲ. ಆ ನೀಲಿ ಹೂ ಉಂಟಲ್ಲ, ಅದು ಯುಟ್ರಿಕ್ಯುಲೇರಿಯಾ ಇರಬಹುದು, ಬುಡದ ಹತ್ರ ಸಣ್ಣ ಸಣ್ಣ ಚೀಲದಲ್ಲಿ ಜೀವಿಗಳನ್ನು ಹಿಡಿದು ತಿನ್ನುವ ಗಿಡ. ಶಾಲೆ ಮಕ್ಕಳಿಗೆ ಇದು ನವಿಲಿಗಿಂತ ದೊಡ್ಡ ಸುದ್ದಿ, ನೋಡಿ ಬೇಕಾದ್ರೆ.

ಕಪ್ಪೆಯನ್ನು ಹಿಡಿದು ಎಲೆ ಮೇಲೆ ಕೂರಿಸಿ ಫೋಟೋ ತೆಗಿಯುವವರು ಇದ್ದಾರೆ, ದಯವಿಟ್ಟು ಅದೊಂದು ಬೇಡ.

ಕುಂದಾಪುರ ಕೋಡಿ ಬದಿಯವ:
ಹ್ವಾಯ್, ಪೂರಾ ಕುಂದಗನ್ನಡದಲ್ಲಿ ಬರೆದ್ರೆ ನಿಮಗೆ ಅರ್ಥ ಆತೋ ಇಲ್ಯೋ, ಅರ್ಧಂಬರ್ಧ ಬರಿತೆ. ಲೊಕೇಶನ್ ಹಾಕ್ಬೇಡಿ. ಇದು ನಾನು ಮಾಡಿದ ತಪ್ಪು, ಯಾರದ್ದೋ ಅಲ್ಲ.

ನಮ್ಮ ಬದಿ ಕಡಲಾಮೆ, ಆಲಿವ್ ರಿಡ್ಲೆ, ಮೊಟ್ಟೆ ಇಡುಕೆ ಬತ್ತ್. ಒಂದು ಗೂಡಲ್ಲಿ ಸುಮಾರು ನೂರು ಮೊಟ್ಟೆ, 45ರಿಂದ 60 ದಿನ ಆದ್ಮೇಲೆ ಮರಿ ಹೊರಗೆ ಬಪ್ಪುದ್. ಕೆಲವು ವರ್ಷದ ಹಿಂದೆ ಬೆಳಗಿನ ಜಾವ ಮರಿ ಕಡಲಿಗೆ ಹೋಪ್ದು ಶೂಟ್ ಮಾಡಿ, ಖುಷಿಯಲ್ಲಿ ಅಲ್ಲೇ ಕೂತು ಜಾಗದ ಹೆಸರು ಹಾಕಿ ಪೋಸ್ಟ್ ಮಾಡಿದೆ. ಮರುದಿನ ರಾತ್ರಿ ಪಕ್ಕದ ಗೂಡಿನ ಹತ್ರ ಜನವೋ ಜನ, ಎಲ್ಲರ ಕೈಯಲ್ಲೂ ಮೊಬೈಲ್ ಟಾರ್ಚ್. ಮರಿಗಳಿಗೆ ಬೆಳಕು ಇದ್ದ ಬದಿಯೇ ಕಡಲು, ಅವು ಟಾರ್ಚಿನ ಬದಿಗೆ, ಆಚೆ ಅಂಗಡಿ ಲೈಟಿನ ಬದಿಗೆ, ರಸ್ತೆ ಬದಿಗೆ ತಿರುಗಿದ್ವು. ಕಾವಲಿಗೆ ಇದ್ದವರು ಬೈದ ಬೈಗುಳ ಇನ್ನೂ ಕೆಮಿಯಲ್ಲಿತ್ತ್. ಮಕ್ಕಳನ್ನು ಎತ್ತಿದ ಹಾಗೆ ಎತ್ತಿ ಎತ್ತಿ ನೀರಿನ ಹತ್ರ ಬಿಟ್ಟದ್ದು, ಎಷ್ಟು ಕಾಲಡಿಗೆ ಸಿಕ್ಕಿದ್ವೋ ದೇವರಿಗೆ ಗೊತ್ತು.

ಆ ಗಲಾಟೆಯಲ್ಲಿ ಕುತ್ತಿಗೆಗೆ ಹಾಕಿದ್ದ ಕ್ಯಾಮೆರಾ ಆನ್ ಇತ್ತು, ಅಲ್ಲಾಡಿ ಅಲ್ಲಾಡಿ ಏನೂ ಚಂದ ಇಲ್ಲ, ಆದ್ರೆ ಒಂದು ಮರಿ ಅಂಗಡಿ ಟ್ಯೂಬ್‌ಲೈಟಿನ ಕಡೆಗೆ ಹೋಪ್ದು ಸಿಕ್ಕಿತ್ತು. ಅದನ್ನು ಎಲ್ಲೂ ಹಾಕ್ಲಿಲ್ಲ. ಅಂಗಡಿಯವರ ಹತ್ರ ಹೋಗಿ ಮೊಬೈಲಲ್ಲಿ ತೋರ್ಸಿದೆ ಅಷ್ಟೇ. ಒಬ್ಬರು ಅದೇ ದಿನ ಕಡಲ ಬದಿಯ ಲೈಟ್ ತೆಗೆಸಿದ್ರು, ಇನ್ನೊಬ್ಬರು ಮರಿ ಬಪ್ಪು ಸಮಯಕ್ಕೆ ಆಫ್ ಮಾಡ್ತೆ ಅಂದ್ರು, ಮಾಡಿದ್ರು ಸಹ. ನನ್ನ ಚಂದದ ವೀಡಿಯೋ ಜನ ತಂದಿತು, ಈ ಹಾಳು ವೀಡಿಯೋ ಲೈಟ್ ಆಫ್ ಮಾಡಿಸಿತು. ಈಗ ಸೀಸನ್ ಮುಗಿದ ಮೇಲೆಯೇ ಹಾಕುದು, ಫ್ಲ್ಯಾಶ್ ಇಲ್ಲ, ಜಾಗದ ಹೆಸರಿಲ್ಲ. ಫೋಟೋ ಫೈಲಿನೊಳಗೆ ಜಿಪಿಎಸ್ ಇರ್ತದೆ, ಅದನ್ನೂ ತೆಗೆದು ಹಾಕಿ.

ಮಂಗಳೂರಿನಿಂದ, ಝೂವಾಲಜಿ:
ಹೌದು. ಐನ್ಯಾಚುರಲಿಸ್ಟ್ ಅಂತ ಜೀವಿಗಳ ಫೋಟೋ ದಾಖಲಿಸುವ ವೆಬ್‌ಸೈಟ್ ಉಂಟು, ಅದಕ್ಕೆ ಹಾಕಿದ್ರೆ ಅಪಾಯದಲ್ಲಿರುವ ಜಾತಿಗಳ ಸರಿಯಾದ ಜಾಗ ಅವರೇ ಮಸುಕು ಮಾಡ್ತಾರೆ, ದಾಖಲೆಯೂ ಉಳೀತದೆ. ಕಪ್ಪೆ ಫೋಟೋ ಅಲ್ಲಿಗೆ ಹಾಕಿ ಅಣ್ಣ, ಗೊತ್ತಿದ್ದವರು ಹೆಸರು ಹೇಳ್ತಾರೆ.

ಪುತ್ತೂರು ಕಡೆಯವನು:
ನಾನೂ ಒಂದು ಒಪ್ಕೊಳ್ತೇನೆ. ಮಂಗಟ್ಟೆ ಹಕ್ಕಿ ಗೂಡು ಸಿಕ್ಕಿದಾಗ ಮರದ ಬುಡಕ್ಕೇ ಹೈಡ್ (ಅಡಗಿ ಕೂರುವ ಮರೆ) ಹಾಕಿ ಕೂತೆ. ಹೆಣ್ಣು ಪೊಟರೆಯೊಳಗೆ ಬಾಗಿಲು ಮುಚ್ಕೊಂಡು ಕೂತಿರ್ತದೆ, ಹೊಟ್ಟೆಪಾಡು ಪೂರಾ ಗಂಡಿನ ಮೇಲೆ. ಗಂಡು ಹಣ್ಣು ಕಚ್ಕೊಂಡು ಬಂದು ನನ್ನನ್ನು ನೋಡಿ ಎರಡು ಗಂಟೆ ದೂರದ ಮರದಲ್ಲೇ ಕೂತಿತ್ತು. ಎದ್ದು ಬಂದೆ. ಆ ಫೋಟೋ ನನ್ನತ್ರ ಇಲ್ಲ, ಅದಕ್ಕೆ ಬೇಜಾರೂ ಇಲ್ಲ. ಟಿಟ್ಟಿಭದ ಮೊಟ್ಟೆ ಹತ್ರ ಹೋಗುವಾಗ ಇದು ನೆನಪಿರ್ಲಿ, ತಾಯಿ ಎದ್ದರೆ ಆ ಬಂಡೆ ಬಿಸಿಲಿಗೆ ಮೊಟ್ಟೆ ಕಾಯಿಸ್ತದೆ.

ಸುರತ್ಕಲ್‌ನಿಂದ, ಕ್ಯಾಮೆರಾ ರಿಪೇರಿ ಹುಚ್ಚಿನವ:
ಲೋನ್ ಬೇಡ್ವೇ ಬೇಡ. ನಮ್ಮ ಊರಿನ ಹವೆಗೆ ಲೆನ್ಸಿಗೆ ಫಂಗಸ್ ಹಿಡಿಯುದೇ ದೊಡ್ಡ ಖರ್ಚು, ಗಾಳಿ ಹೋಗದ ಡಬ್ಬಿ, ಸಿಲಿಕಾ ಜೆಲ್, ತೇವ ಅಳೆಯುವ ಒಂದು ಸಣ್ಣ ಮೀಟರ್ ಇಟ್ಕೊಳ್ಳಿ ಸಾಕು. ದುಡ್ಡಿದ್ರೆ ಟ್ರೈಪಾಡ್, ಒಂದು ಮೈಕ್. ಡ್ರೋನ್ ಹಾರಿಸುದಾದ್ರೆ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್ ನೋಡಿ, ಬಜ್ಪೆ ಏರ್‌ಪೋರ್ಟ್ ಹತ್ರದವರು ಆಸೆ ಬಿಡಿ. ಅಭಯಾರಣ್ಯದೊಳಗೆ ಫೋಟೋ ತೆಗೀಲಿಕ್ಕೂ ಇಲಾಖೆ ಅನುಮತಿ ಬೇಕು, ನಿಮ್ಮ ಪದವಿಗೆ ಆ ರಗಳೆ ಇಲ್ಲ.

ನಿವೃತ್ತ ಪಿಡಿಒ, ಬ್ರಹ್ಮಾವರ:
ಪಹಣಿ ತೆಗೆಸಿ ಮಗಾ. ಜಾಗ ಪಟ್ಟಾವಾ, ಕುಮ್ಕಿಯಾ (ಪಟ್ಟಾ ಜಾಗಕ್ಕೆ ತಾಗಿದ, ಅದರವರಿಗೆ ಬಳಸುವ ಹಕ್ಕಿರುವ ಸರ್ಕಾರಿ ಜಾಗ), ಬರೀ ಸರ್ಕಾರದ್ದಾ ಅಂತ ಗೊತ್ತಿಲ್ಲದೆ ಫಿಲ್ಮಲ್ಲಿ ಯಾರನ್ನೂ ಕಳ್ಳ ಅಂತ ಹೇಳ್ಬೇಡಿ, ಕೋರೆಗೆ ಪರವಾನಿಗೆ ಇದ್ರೆ ಇರಬಹುದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯತಿನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಅಂತ ಒಂದು ಪುಸ್ತಕ ಇರ್ಬೇಕು. ಬಹಳ ಕಡೆ ಅದು ಕಪಾಟಿನಲ್ಲಿ ಮಲಗಿರ್ತದೆ, ನಮ್ಮಲ್ಲಿಯೂ ಮಲಗಿತ್ತು, ಸುಳ್ಳು ಹೇಳುದಿಲ್ಲ. ನಿಮ್ಮ ಕಪ್ಪೆ, ಹೂ, ಹಕ್ಕಿ ಎಲ್ಲ ತಾರೀಕು ಸಮೇತ ಪ್ರಿಂಟ್ ತೆಗೆದು ಅದಕ್ಕೆ ಸೇರಿಸ್ಲಿಕ್ಕೆ ಅರ್ಜಿ ಕೊಡಿ, ಸ್ವೀಕೃತಿ ತೆಗೊಳ್ಳಿ. ಮತ್ತೆ ಗ್ರಾಮಸಭೆಯಲ್ಲಿ ತೋರಿಸಿ. ಆಫೀಸಿನವರಿಗೆ ವೀಡಿಯೋ ಮರೆತು ಹೋಗ್ತದೆ, ಸೀಲ್ ಬಿದ್ದ ಕಾಗದ ಮರೀಲಿಕ್ಕೆ ಆಗುದಿಲ್ಲ.

ಕಾರ್ಕಳದಿಂದ:
ಗ್ರಾಮಸಭೆಗೆ ಬರುವವರು ಹತ್ತು ಜನ. ಭಜನಾ ಮಂದಿರದಲ್ಲಿ ಶನಿವಾರ ಭಜನೆ ಮುಗಿದ ಮೇಲೆ ಬಿಳಿ ಪಂಚೆ ಕಟ್ಟಿ ತೋರಿಸು, ಅಲ್ಲಿ ಹೆಂಗಸರು ಮಕ್ಕಳು ಇರ್ತಾರೆ. ಮಾತು ತುಳುವಿನಲ್ಲಿರ್ಲಿ, ಟಿವಿಯವರ ಪುಸ್ತಕದ ಕನ್ನಡ ಬೇಡ. ಬಾವಿಯ ವಿಷಯ ಹಿಡಿ, ಪದವಿನಲ್ಲಿ ಇಂಗಿದ ನೀರು ಕೆಳಗಿನ ಬಾವಿಗೆ ಬರ್ತದಾ ಅಂತ ಅಲ್ಲಿನ ಹಿರಿಯರ ಬಾಯಲ್ಲೇ ಹೇಳಿಸು. ಹತ್ತು ನಿಮಿಷ ಜಾಸ್ತಿ, ಆರು ಸಾಕು.

ಹಿರಿಯಡ್ಕದ ಹುಡುಗ:
ಎಲ್ಲ ಎರಡೆರಡು ಸಲ ಓದಿದೆ. ನವಿಲು ರೀಲಿನಿಂದ ಲೊಕೇಶನ್ ಈಗಷ್ಟೇ ತೆಗ್ದೆ. ಪಹಣಿಗೆ ನಾಳೆ ಹೋಗ್ತೇನೆ. ಪದವಿನ ಕೆಳಗಿನ ಮನೆಯ ಅಜ್ಜಿ ಹತ್ರ ಬಾವಿ ವಿಷಯ ಕೇಳಿದೆ, ಕೋರೆ ಶುರು ಆದ ಮೇಲೆ ಮಳೆ ಬಂದ್ರೆ ಬಾವಿ ನೀರು ಕೆಂಪಾಗ್ತದೆ ಮಗಾ ಅಂತ ಹೇಳಿದ್ರು, ಇಷ್ಟು ದಿನ ಯಾರೂ ಕೇಳ್ಲಿಲ್ಲ ಅಂತ ಸಹ. ಕಾರ್ಕಳದ ಅಣ್ಣ, ಕೆಂಪು ನೀರು ಸಿಕ್ಕಿತು ಅಂತ ಕಾಣ್ತದೆ. ಕ್ಯಾಮೆರಾಕ್ಕೆ ರೈನ್‌ಕವರ್ ಇಲ್ಲ, ಯಾರ ಹತ್ರ ಆದ್ರೂ ಹಳೇದು ಉಂಟಾ?

ಸುರತ್ಕಲ್‌ನಿಂದ:
ನನ್ನತ್ರ ಎರಡು ಉಂಟು. ಆದಿತ್ಯವಾರ ಉಡುಪಿಗೆ ಬರ್ಲಿಕ್ಕುಂಟು, ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ರ ಬನ್ನಿ, ಹತ್ತು ಗಂಟೆಗೆ. ಸಿಲಿಕಾ ಜೆಲ್ ಸಹ ತರ್ತೇನೆ.